ಅರವತ್ತನಾಲ್ಕು ಅಕ್ಷರ

ನಾಳೆ ಒಂಬತ್ತೂವರೆಗೆ ಪ್ರಾಕ್ಟಿಕಲ್ ಪರೀಕ್ಷೆ.
ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಲವತ್ತೊಂದು ಯಂತ್ರ,
ಮೂರಕ್ಕೆ ಜೀವವಿಲ್ಲ.
ಕೊಟ್ರೇಶಿ ಪೆನ್‌ಡ್ರೈವ್ ತಂದಿದ್ದಾನೆ
ಅಶೋಕ ರೋಡಿನ ಅಂಗಡಿಯಲ್ಲಿ ತುಂಬಿಸಿಕೊಂಡು,
ಜೊತೆಗೆ ಪೊಟ್ಟಣದಲ್ಲಿ ಮಂಡಕ್ಕಿ, ನಾಲ್ಕು ಮಿರ್ಚಿ.
‘ಅದೇ ಪ್ಯಾಕೇಜು ಮೇಡಂ, ಅದೇ ಹೆಸ್ರು, ಅದೇ ನಂಬ್ರು,
ಹಾಕಿ ಮನೀಗೆ ಹೋಗಾನ.’

ಹೆಸರಿನದೇನು.
ಬಾಷಾ ನಗರದ ನಮ್ಮ ಒಂದೇ ಗಲ್ಲಿಯಲ್ಲಿ
ಮೂವರು ಖಾತೂನ್‌ಬಿ.
ಬ್ಯಾಂಕಿನ ನೋಟಿಸು ಬಂದರೆ ಪೋಸ್ಟ್‌ಮನ್
ಮೂರೂ ಬಾಗಿಲಲ್ಲಿ ತೋರಿಸುತ್ತಾನೆ,
ಯಾರ ಮುಖ ಬಾಡಿತೋ ಅವರಿಗೆ ಕೊಟ್ಟು ಹೋಗುತ್ತಾನೆ.

ಆಜ್ಞೆ ಬರೆದು ಎಂಟರ್ ಒತ್ತುತ್ತೇನೆ.
ಯಂತ್ರ ಕಡತವನ್ನು ಮೊದಲ ಬೈಟಿನಿಂದ ಕೊನೆಯವರೆಗೆ
ಹುರಿಯುತ್ತದೆ.
ಹುರಿಯುತ್ತದೆ ಅಂತಲೇ ಅನ್ನಬೇಕು,
ಭಟ್ಟಿಯ ಮಗಳಿಗೆ ಬೇರೆ ಮಾತು ಸಿಗುವುದಿಲ್ಲ.
ಮರಳಿನಲ್ಲಿ ಅರಳಿದ್ದು ಮರಳಿ ಅಕ್ಕಿಯಾಗದು.
ಈ ಸಾಲೂ ಹಾಗೇ, ಇದನ್ನು ಹಿಡಿದು
ಕಡತಕ್ಕೆ ಹಿಂದಿರುಗುವ ದಾರಿ ಯಾರಿಗೂ ಗೊತ್ತಿಲ್ಲ.
ಮೂಟೆಯಷ್ಟಿರಲಿ, ಚಿಟಿಕೆಯಷ್ಟಿರಲಿ,
ಉಳಿಯುವುದು ಅರವತ್ತನಾಲ್ಕೇ ಅಕ್ಷರ,
ಹತ್ತು ಅಂಕಿ, ಮೇಲೆ ಎ ಇಂದ ಎಫ್.
ಅಲ್ಲಿಗೆ ಅದರ ವರ್ಣಮಾಲೆ ಮುಗಿಯಿತು.
ಅರವತ್ತನಾಲ್ಕು ವಿದ್ಯೆ ಬಲ್ಲವರಿದ್ದರಂತೆ;
ನಾನು ಕಲಿತದ್ದು ಇದೊಂದು,
ಅಕ್ಷರಕ್ಕೆ ಅಕ್ಷರ ಇಟ್ಟು ನೋಡುವುದು.

ತಯಾರಿಸಿದವರು ಕೊಟ್ಟ ಸಾಲು ನನ್ನ ಚೀಟಿಯಲ್ಲಿದೆ.
ಕೊಟ್ರೇಶಿ ಓದುತ್ತಾನೆ: ‘ಒಂಬತ್ತು, ಎಫ್, ಸೊನ್ನೆ, ನಾಕು...’
ಪರದೆಯ ಮೇಲೆ: ಮೂರು, ಬಿ, ಬಿ, ಏಳು.
ಮೊದಲ ಅಕ್ಷರಕ್ಕೇ ಜಗಳ.
ಗಾತ್ರ ಮಾತ್ರ ಒಂದೇ, ಒಂದು ಬೈಟೂ ಆಚೀಚೆ ಇಲ್ಲ.
ಒಳಗೆಲ್ಲೋ ಒಂದೇ ಒಂದು ಸೊನ್ನೆ ಒಂದಾಗಿರಬಹುದು
ಕರೆಂಟು ಕೈಕೊಟ್ಟಾಗ,
ಅಥವಾ ಯಾರೋ ಬೇಕೆಂದೇ.
ಎರಡಕ್ಕೂ ಅದರ ಉತ್ತರ ಒಂದೇ:
ಇದು ಅದಲ್ಲ.
ಯಾಕೆಂದು ಹೇಳುವುದಿಲ್ಲ.
ಹೊಂದಿದರೂ ಒಳ್ಳೆಯದು ಎನ್ನುವುದಿಲ್ಲ,
ಮೂಲದಲ್ಲೇ ವಿಷವಿದ್ದರೆ ವಿಷದ ಪರವಾಗಿಯೂ
ಅಷ್ಟೇ ನಿಷ್ಠೆಯ ಸಾಕ್ಷಿ.

‘ಮತ್ತೆ ಇಳಿಸಬೇಕು’ ಅಂದೆ. ಅವನು ಮಿರ್ಚಿಯ ತೊಟ್ಟು ಕಿತ್ತು
ಕಿಟಕಿಯಾಚೆ ಎಸೆದ.

ಶೇಕಡಾ ಹನ್ನೆರಡು. ಹದಿಮೂರು.
ತರಗತಿಯಲ್ಲಿ ಇದನ್ನು ಬೆರಳಚ್ಚು ಅಂತ ಕಲಿಸುತ್ತೇನೆ.
ಹೋದ ಸೋಮವಾರ ಅದೇ ಮಾತು
ಹಾಲಪ್ಪನ ನ್ಯಾಯಬೆಲೆ ಅಂಗಡಿಯಲ್ಲಿ.
ಅಮ್ಮಿ ಹೆಬ್ಬೆರಳಿಟ್ಟಳು, ಕೆಂಪು ದೀಪ.
ತೋರುಬೆರಳು, ಕೆಂಪು.
ಸೆರಗಿಗೆ ಒರೆಸಿ ಮತ್ತೆ ಹೆಬ್ಬೆರಳು.
ಮೂವತ್ತೆರಡು ವರ್ಷ ಕಾದ ಮರಳಿನ ಜರಡಿ ಆಡಿಸಿದ ಬೆರಳು,
ಗೆರೆಗಳೆಲ್ಲ ಊರವರ ಸಂಜೆಯ ತಿಂಡಿಗೆ ಹೋಗಿವೆ.
‘ನೀವು ನೀವಲ್ಲ ಅಂತತಿ ನೋಡ್ರಿ ಇದು’ ಅಂದ ಹಾಲಪ್ಪ,
ಪಾಪ, ಅವನಿಗೂ ಬೇಜಾರೇ.
‘ಲಗ್ನ ಆಗಿ ಬಂದಾಗಿಂದ ನೋಡೀಯಲ್ಲಪ್ಪಾ ನನ್ನ’
ಅಂದು ಅಮ್ಮಿ ಖಾಲಿ ಚೀಲ ನಾಲ್ಕು ಮಡಿಕೆ ಮಡಚಿದಳು,
ತುಂಬಿದ ಚೀಲ ಹೊರುವಷ್ಟೇ ನಿಧಾನ.

ಎಂಬತ್ತೆಂಟು. ಎಂಬತ್ತೊಂಬತ್ತು.
ಪೊಟ್ಟಣಕ್ಕೆ ಕೈ ಹಾಕಿ ಒಂದು ಹಿಡಿ ಬಾಯಿಗಿಟ್ಟೆ.
ಉಪ್ಪುನೀರು ಸ್ವಲ್ಪ ಮುಂದು,
ಒಂದೆರಡು ಕಾಳು ಅಂಚಿಗೆ ಕಂದು,
ಸೌದೆ ದೂಡಲು ಎದ್ದು ಹೋದಾಗ ಆಗುವ ಕಂದು.
‘ಎಲ್ಲಿ ತಂದೆಯೋ ಇದನ್ನ?’
‘ಯಾಕ್ರೀ, ಮೆತ್ತಗಾಗೇತೇನು?’

ಇಳಿಯಿತು. ಮತ್ತೆ ಹುರಿಯಿತು. ಹೊಸ ಸಾಲು ಬಂತು.
‘ಮೊದ್ಲಿನ ನಾಕು, ಕೊನೀ ನಾಕು ಕೂಡಿದ್ರೆ ಸಾಕು ಬಿಡ್ರಿ,
ಹೊತ್ತಾತು.’
ಸಾಲದು, ಅಂದೆ. ಓದು. ಪೂರ್ತಿ ಓದು.
ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡೇ ಅವನು
ಒಂಬತ್ತು ಅಂದ,
ಎಫ್ ಅಂದ.